ಹಿಂದಕ್ಕೆ ತಿರುಗಿದ ಹಾಯಿದೋಣಿ

ಮಲ್ಪೆ ಬಂದರಿನ ವಾಮನ ತಿಂಗಳಾಯ ಎರಡು ಮೀನುಗಾರಿಕಾ ಬೋಟುಗಳ ಮಾಲೀಕ. ವಯಸ್ಸು ಐವತ್ತನಾಲ್ಕು. ಅವನಿಗೊಂದು ವಿಚಿತ್ರ ಹುಚ್ಚು...

ದೂರದ ದೇಶದವರು ಒಬ್ಬೊಬ್ಬರೇ ಹಾಯಿದೋಣಿ ಹತ್ತಿ, ಎಲ್ಲೂ ನಿಲ್ಲದೆ ಭೂಮಿಯನ್ನೇ ಸುತ್ತಿ ಬರುವ ರೇಸ್! ಮೊಬೈಲಿನ ಮ್ಯಾಪಿನಲ್ಲಿ ಒಂದೊಂದು ದೋಣಿಗೆ ಒಂದೊಂದು ಬಣ್ಣದ ಚುಕ್ಕಿ. ಎರಡು ತಿಂಗಳಿಂದ ವಾಮನನ ಬೆಳಗು ಆ ಚುಕ್ಕಿಗಳಿಂದಲೇ ಶುರುವಾಗುತ್ತಿತ್ತು.

"ಈಗಿನ ದೋಣಿ ತೇಲುವುದಲ್ಲ ಮಾರಾಯ್ರೆ, ಹಾರುವುದು!" ಎಂದು ಚಹಾದಂಗಡಿಯಲ್ಲಿ ಎಲ್ಲರಿಗೂ ಪಾಠ.

"ಎರಡೂ ಬದಿಗೆ ರೆಕ್ಕೆಯ ಹಾಗೆ ಫಾಯಿಲ್ ಉಂಟು. ಬೈಕಲ್ಲಿ ಹೋಗುವಾಗ ಅಂಗೈ ಸ್ವಲ್ಪ ಓರೆ ಹಿಡಿದ್ರೆ ಕೈ ತನ್ನಿಂದ ತಾನೇ ಮೇಲೆ ಏಳ್ತದಲ್ಲ? ಹಾಗೆಯೇ. ಸ್ಪೀಡ್ ಬಂತಾ, ಆ ಫಾಯಿಲ್ ಇಡೀ ದೋಣಿಯನ್ನೇ ನೀರಿಂದ ಎತ್ತಿ ಬಿಡ್ತದೆ!"

ಅವನ ಮೆಚ್ಚಿನ ಸ್ಪರ್ಧಿ ಎಲೀನ್ ಎಂಬ ಹೆಣ್ಣುಮಗಳು. ಎರಡನೇ ಸ್ಥಾನದಲ್ಲಿದ್ದಳು. ಮೊದಲಿನವನಿಗೂ ಅವಳಿಗೂ ಕೆಲವೇ ಗಂಟೆಗಳ ಅಂತರ...

ಒಂದು ಬೆಳಿಗ್ಗೆ ನೋಡಿದರೆ, ಅವಳ ಹಸಿರು ಚುಕ್ಕಿ ಹಿಂದಕ್ಕೆ ತಿರುಗಿತ್ತು.

"ಇವಳಿಗೆ ತಲೆ ಕೆಟ್ಟಿದೆಯಾ? ಗೆಲ್ಲುವ ರೇಸನ್ನು ಯಾರಾದ್ರೂ ಹೀಗೆ ಹಾಳು ಮಾಡ್ತಾರಾ?"

ಚಹಾದಂಗಡಿಯ ಪಕ್ಕದಲ್ಲೇ ಒಣಮೀನು ಆರಿಸುತ್ತಾ ಕೂತಿದ್ದ ಕಲ್ಯಾಣಿಯಕ್ಕ ತಲೆ ಎತ್ತಿದರು. ಬಂದರಿನಲ್ಲಿ ಬಲೆ ರಿಪೇರಿ ಮಾಡುತ್ತಿದ್ದ ಶೀನಣ್ಣನ ಹೆಂಡತಿ. ಶೀನಣ್ಣ ಕಾಯಿಲೆಯಿಂದ ತೀರಿಕೊಂಡು ಎರಡು ವರ್ಷವಾಗಿತ್ತು.

"ಯಾಕೆ ತಿರುಗಿದ್ಲಂತೆ ವಾಮನ?"

"ಯಾರಿಗೆ ಗೊತ್ತು ಕಲ್ಯಾಣಿಯಕ್ಕ. ಹೆದರಿರಬೇಕು."

ಮರುದಿನ ವಿಡಿಯೋ ಬಂತು.

ಅವಳ ಹಿಂದೆ ಬರುತ್ತಿದ್ದ ಒಬ್ಬನ ದೋಣಿಯ ಫಾಯಿಲ್ ನೀರಲ್ಲಿ ತೇಲುತ್ತಿದ್ದ ಏನಕ್ಕೋ ಬಡಿದು ಮುರಿದಿತ್ತು. ದೋಣಿ ಒಡೆದು ನೀರು ನುಗ್ಗಿತ್ತು. ಗಾಳಿ ತುಂಬಿದ ತೆಪ್ಪದಲ್ಲಿ ಕೂತಿದ್ದ ಅವನನ್ನು ಹುಡುಕಿಕೊಂಡು, ಎದುರು ಗಾಳಿಯಲ್ಲಿ ಹನ್ನೊಂದು ಗಂಟೆ ಹಿಂದೆ ಹೋಗಿದ್ದಳು ಎಲೀನ್. ಅವನನ್ನು ಮೇಲೆ ಎಳೆದುಕೊಂಡಿದ್ದಳು.

"ಎಂಥ ಹೇಳ್ತಾಳೆ ಅವಳು? ನಂಗೂ ಸ್ವಲ್ಪ ಹೇಳು" ಎಂದು ಕಲ್ಯಾಣಿಯಕ್ಕ ಹತ್ತಿರ ಬಂದು ಕೂತರು.

"ರೇಸ್ ಕೈ ತಪ್ಪಿತಲ್ಲ, ಬೇಸರ ಇಲ್ಲವಾ ಅಂತ ಕೇಳ್ತಿದ್ದಾರೆ ಅಕ್ಕ..."

"ಅದಕ್ಕೆ?"

"ಅದಕ್ಕೆ ಅವಳು... ಅವನು ಅಲ್ಲಿದ್ದಾನೆ ಅಂತ ಗೊತ್ತಾದ ಮೇಲೆ... ಗೊತ್ತಿಲ್ಲದ ಹಾಗೆ ನಾನು ಹೇಗೆ ಮುಂದೆ ಹೋಗ್ಲಿ ಅಂತ..."

ವಾಮನ ಮೊಬೈಲನ್ನು ಕೆಳಗಿಟ್ಟ.

ಹದಿಮೂರು ವರ್ಷದ ಹಿಂದೆ ಅವನು ಬೇರೆಯವರ ಬೋಟು ನಡೆಸುತ್ತಿದ್ದ. ತುಂಬಾ ಮೀನು ಸಿಕ್ಕಿದ ದಿನ. ಆಕಾಶ ಕಪ್ಪಾಗುತ್ತಿತ್ತು. ಎಲ್ಲರಿಗಿಂತ ಮೊದಲು ದಡ ಮುಟ್ಟಬೇಕೆಂಬ ಅವಸರ...

ಆಗ ಎಡಗಡೆ ಒಂದು ಸಣ್ಣ ದೋಣಿ ಕಂಡಿತ್ತು. ಎಂಜಿನ್ ನಿಂತಿತ್ತು. ಅದರಲ್ಲಿ ಒಬ್ಬನೇ ಒಬ್ಬ, ಅಂಗಿ ಬಿಚ್ಚಿ ಬೀಸುತ್ತಿದ್ದ.

ವಾಮನ ನೋಡಿದ್ದ. ಹಿಂದಿನಿಂದ ಬೇರೆ ಬೋಟು ಬರುತ್ತದೆ, ಅವರು ನೋಡಿಕೊಳ್ಳುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡು ಎಂಜಿನ್ ಜೋರು ಮಾಡಿದ್ದ.

ಆ ದೋಣಿ ಮುಳುಗಿತು. ಅದರಲ್ಲಿದ್ದ ಶೀನಣ್ಣ ಖಾಲಿ ಕ್ಯಾನ್ ಒಂದನ್ನು ತಬ್ಬಿಕೊಂಡು ಹತ್ತೊಂಬತ್ತು ಗಂಟೆ ನೀರಲ್ಲಿದ್ದು ಬದುಕಿ ಬಂದ. ಮತ್ತೆಂದೂ ಕಡಲಿಗೆ ಇಳಿಯಲಿಲ್ಲ.

ಶೀನಣ್ಣನಿಗೆ ತನ್ನ ಗುರುತು ಸಿಕ್ಕಿರಲಿಲ್ಲ ಎಂದೇ ವಾಮನ ಇಷ್ಟು ವರ್ಷ ನಂಬಿದ್ದ. ಯಾಕೆಂದರೆ ಬಲೆ ಹಿಡಿದು ಕೂತಿರುತ್ತಿದ್ದ ಶೀನಣ್ಣ, ದಿನಾ ಅವನನ್ನು ಕರೆದು "ವಾಮನ, ಊಟ ಆಯ್ತಾ?" ಎಂದು ಕೇಳುತ್ತಿದ್ದ...

"ಅಕ್ಕ... ಆ ದಿನ ಶೀನಣ್ಣ ಕೈ ಬೀಸಿದ್ದು ನನ್ನ ಬೋಟಿಗೆ. ನಾನು ನೋಡಿದ್ದೆ. ನೋಡಿಯೂ..."

ಮುಖ ಎತ್ತಲೂ ಆಗಲಿಲ್ಲ.

"ಗೊತ್ತು" ಎಂದರು ಕಲ್ಯಾಣಿಯಕ್ಕ.

ವಾಮನ ತಟ್ಟನೆ ಅವರತ್ತ ನೋಡಿದ.

"ಅವರು ಮನೆಗೆ ಬಂದ ದಿನವೇ ಹೇಳಿದ್ರು. ವಾಮನನ ಮುಖ ಕಂಡೆ ಅಂತ. ಯಾರಿಗೂ ಹೇಳ್ಬೇಡ, ಅವನಿಗೆ ಸಣ್ಣ ಮಕ್ಕಳಿದ್ದಾರೆ, ಬಂದರಲ್ಲಿ ತಲೆ ಎತ್ತಿ ನಡೀಲಿಕ್ಕೆ ಆಗ್ಲಿಕ್ಕಿಲ್ಲ ಅಂತ ನನ್ನ ಹತ್ರ ಮಾತು ತಗೊಂಡ್ರು. ಒಂದು ದಿನ ಅವನೇ ಬಂದು ಹೇಳ್ತಾನೆ ಅಂದ್ರು..."

ಅವರ ಕಣ್ಣು ತುಂಬಿತ್ತು.

"ದಿನಾ ನಿನ್ನನ್ನು ಕರೆದು ಮಾತಾಡಿಸ್ತಿದ್ದದ್ದು ಯಾಕೆ ಅಂದುಕೊಂಡೆ? ನೀನು ಮಾತು ಶುರು ಮಾಡ್ಲಿ ಅಂತ. ಹನ್ನೊಂದು ವರ್ಷ ಕಾದ್ರು ವಾಮನ... ನೀನು ಊಟ ಆಯ್ತು ಅಂತ ಹೇಳಿ ಹೋಗ್ತಿದ್ದಿ."

ವಾಮನ ಅವರ ಕಾಲ ಬಳಿ ಕುಸಿದು ಕೂತ. ಐವತ್ತನಾಲ್ಕರ ಗಂಡಸು, ನಾಲ್ಕು ಜನರ ಎದುರು ಬಿಕ್ಕಿ ಬಿಕ್ಕಿ ಅತ್ತ.

"ನನ್ನನ್ನು ಕ್ಷಮಿಸಿ ಅಕ್ಕ..."

"ನಾನು ಹೇಗೆ ಕ್ಷಮಿಸ್ಲಿ? ಕೇಳ್ಬೇಕಾದವರ ಹತ್ರ ನೀನು ಕೇಳ್ಲಿಲ್ಲ."

ಆದರೂ ಅವನ ತಲೆಯ ಮೇಲೆ ಕೈ ಇಟ್ಟರು.

"ನಿನ್ನ ಎರಡು ಬೋಟು ನಾಳೆಯೂ ಕಡಲಿಗೆ ಹೋಗ್ತದಲ್ಲ... ಅದರಲ್ಲಿ ಇರುವವರಿಗಾದ್ರೂ ಹೇಳು."

ಅಂದು ಸಂಜೆ ವಾಮನ ಬಂದರಿನಲ್ಲಿ ಎಲ್ಲರನ್ನೂ ಸೇರಿಸಿದ. ಯಾರದೋ ಕಥೆ ಎಂಬಂತೆ ಹೇಳಲಿಲ್ಲ. ತನ್ನ ಹೆಸರು ಹೇಳಿ, ತಾನು ಮಾಡಿದ್ದನ್ನೇ ಹೇಳಿದ. ಕೆಲವರು ಮುಖ ತಿರುಗಿಸಿದರು. ಶೀನಣ್ಣನ ಹಳೆಯ ಗೆಳೆಯನೊಬ್ಬ ನೆಲಕ್ಕೆ ಉಗುಳಿ ಎದ್ದು ಹೋದ. ವಾಮನ ಅದನ್ನೂ ನಿಂತುಕೊಂಡೇ ನೋಡಿದ.

ಆಮೇಲೆ ತನ್ನ ಬೋಟಿನವರ ಕಡೆ ತಿರುಗಿದ. "ಕಡಲಲ್ಲಿ ಯಾರು ಕೈ ಬೀಸಿದ್ರೂ ಬೋಟು ತಿರುಗಿಸಿ. ಹಿಡಿದ ಮೀನು ಕೊಳೆತು ಹೋದ್ರೂ ಅಡ್ಡಿಲ್ಲ."

ಮುಂದಿನ ತಿಂಗಳೇ ಅವನ ಬೋಟು, ಎಂಜಿನ್ ಕೆಟ್ಟು ನಿಂತ ದೋಣಿಯೊಂದನ್ನು ಎಳೆದುಕೊಂಡು ಬಂತು. ಅದರಲ್ಲಿದ್ದ ಮೂವರೂ ಓಡಿ ಬಂದು ವಾಮನನಿಗೆ ಕೈ ಮುಗಿದರು.

ಅವನು ಅವರ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದ... "ನಂಗೆ ಬೇಡ" ಎಂದಷ್ಟೇ ಹೇಳಿ ಬೋಟಿನೊಳಗೆ ಹೋದ.

*

ನಾವು ನೋಡಿಯೂ ನೋಡದಂತೆ ದಾಟಿ ಹೋದದ್ದನ್ನು, ಅಲ್ಲಿ ನಿಂತಿದ್ದವರು ನೋಡಿರುತ್ತಾರೆ.

ನೀವು ಹಾಗೆ ದಾಟಿ ಬಂದ ಒಬ್ಬರು ಇವತ್ತಿಗೂ ನಿಮ್ಮ ಮಾತಿಗಾಗಿ ಕಾಯುತ್ತಿರಬಹುದಲ್ಲವೇ?