ಹಳೆಯ ಹೊಲಿಗೆ

“ಸುಳ್ಳು ಹೇಳ್ತಿದ್ದಾಳೆ,” ಎಂದರು ಡಾಕ್ಟರ್ ಪ್ರೂಯಿಟ್, ಪರದೆಯಿಂದ ಕಣ್ಣು ಕೀಳದೆ. “ಚೊಚ್ಚಲ ಬಸಿರಂತೆ! ಇಲ್ನೋಡು, ಗರ್ಭಕೋಶದ ಮೇಲೆ ಸಿಸೇರಿಯನ್ ಹೊಲಿಗೆ. ಹಳೇದು, ಚೆನ್ನಾಗಿ ಮಾಗಿದೆ.”

ಎಂಆರ್‌ಐ ಯಂತ್ರ ನಡೆಸುತ್ತಿದ್ದ ಲೂಪೆ ಫೈಲನ್ನು ಅವರತ್ತ ಸರಿಸಿದಳು. “ಡಲ್ಲಾಸ್ ಡಾಕ್ಟ್ರು ಕಳಿಸಿದ್ದಾರೆ ಸರ್. ಒಂದ್ಸಲ ಓದ್ಬಿಡಿ.”

“ಮೊದ್ಲು ಚಿತ್ರ, ಆಮೇಲೆ ಫೈಲು. ಓದ್ಕೊಂಡು ನೋಡಿದ್ರೆ ಓದಿದ್ದೇ ಕಾಣುತ್ತೆ.”

ಅದು ಅವರ ಬಹುಕಾಲದ ಪದ್ಧತಿ. ಇಡೀ ಲಬಕ್ ಊರಿನಲ್ಲಿ ತಮಗೊಬ್ಬರಿಗೇ ಕಣ್ಣಿದೆ ಎಂದು ನಂಬಿದ್ದ ಮಹಾಶಯ. ರೋಗಿಗಳೆಂದರೆ ಅವರಿಗೆ ಸುಳ್ಳಿನ ಮೂಟೆಗಳು.

ಪರೀಕ್ಷೆಗೆ ಬಂದಿದ್ದ ಬಸುರಿ ಶೆಲ್ಬಿಗೆ ಏಳು ತಿಂಗಳು. ಬೆಳಿಗ್ಗೆ ರಕ್ತ ಕಾಣಿಸಿಕೊಂಡಿತ್ತು. ಮಗುವನ್ನು ಪೋಷಿಸುವ ಮಾಸು ಗರ್ಭಕೋಶದ ಗೋಡೆಯನ್ನು ಕಚ್ಚಿಕೊಂಡು ಒಳಕ್ಕಿಳಿದಿದ್ದರೆ ತಾಯಿ, ಮಗು ಇಬ್ಬರ ಜೀವಕ್ಕೂ ಸಂಚಕಾರ. ಅದನ್ನು ನೋಡುವುದಕ್ಕೇ ಈ ಸ್ಕ್ಯಾನ್.

ಪಕ್ಕದ ಕೋಣೆಯಲ್ಲಿ ಅವಳ ಅತ್ತೆ ಮರ್ನಾಳ ಬಾಯಿಗೆ ಬಿಡುವಿರಲಿಲ್ಲ.

“ಮಾತ್ರೆ ಹೊತ್ತೊತ್ತಿಗೆ ನುಂಗಿದ್ಯಾ? ಅಥವಾ ಅದೂ ಮರೆತ್ಯಾ? ನಿನ್ನ ಕೈಗೆ ಏನು ಕೊಟ್ರೂ ಇಷ್ಟೇ ಕಣೇ. ಚರ್ಚಿನ ಊಟಕ್ಕೆ ಇರ್ಲಿ ಅಂತ ಗಾಜಿನ ಪಾತ್ರೆ ಕೊಟ್ಟೆ, ತಳಕ್ಕೆ ನನ್ನ ಹೆಸರಿನ ಚೀಟಿ ಅಂಟಿಸಿ. ಅಂಚು ಮುರ್ಕೊಂಡು ತಂದ್ಯಲ್ಲೇ!”

“ಪಾತ್ರೆ ವಿಷ್ಯ ಬಿಡಿ ಅತ್ತೆ,” ಶೆಲ್ಬಿ ಬಿಕ್ಕಿದಳು. “ನಂಗೆ ಭಯ ಆಗ್ತಿದೆ.”

“ನಂಗಾಗ್ತಿಲ್ವಾ?”

ಡಾಕ್ಟರು ಒಳಗೆ ಬಂದರು. ಕೂರಲಿಲ್ಲ. “ನಿಮ್ಮ ಅತ್ತೇನ ಹೊರಗೆ ಕಳ್ಸಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು.”

ಶೆಲ್ಬಿ ಅತ್ತೆಯ ಕೈ ಬಿಗಿಯಾಗಿ ಹಿಡಿದಳು. “ಅವರು ಇಲ್ಲೇ ಇರ್ಲಿ.”

“ನಿಮ್ಮಿಷ್ಟ. ಹೊಟ್ಟೆಯಲ್ಲಿ ಹಳೇ ಸಿಸೇರಿಯನ್ ಗುರುತಿದೆಯಮ್ಮ. ಮೊದಲನೇ ಮಗು ಎಲ್ಲಿ? ಯಾರಿಗೆ ಕೊಟ್ಟು ಬಂದ್ರಿ? ಗಂಡನಿಂದ ಮುಚ್ಚಿಡಿ, ಅತ್ತೆಯಿಂದ ಮುಚ್ಚಿಡಿ. ಡಾಕ್ಟರ ಹತ್ರಾನೂ ಸುಳ್ಳಾ? ನಾಚಿಕೆ ಆಗ್ಬೇಕು.”

ಶೆಲ್ಬಿ ತಲೆ ತಗ್ಗಿಸಿದಳು. ಮರ್ನಾ ಮೆಲ್ಲನೆ ಎದ್ದು ನಿಂತಳು. ಮುಖ ಕೆಂಪೇರಿತ್ತು. ಈಗ ಸೊಸೆಯ ಗ್ರಹಚಾರ ಬಿಡಿಸುತ್ತಾಳೆ ಎಂದುಕೊಂಡ ಡಾಕ್ಟರು ಕೈಕಟ್ಟಿ ನೋಡುತ್ತಾ ನಿಂತರು. ಆದರೆ ಅವಳು ನೋಡಿದ್ದು ಅವರನ್ನು, ಅಡಿಯಿಂದ ಮುಡಿಯವರೆಗೆ.

“ಮಾಸು ಗೋಡೆ ಕಚ್ಕೊಂಡಿದ್ಯಾ? ಅದನ್ನ ಮೊದ್ಲು ಬೊಗಳಿ.”

“ಇ... ಇಲ್ಲ. ಹೊಲಿಗೆಯಿಂದ ದೂರ ಇದೆ. ಇಬ್ಬರಿಗೂ ಅಪಾಯ ಇಲ್ಲ.”

ಮರ್ನಾ ಕುರ್ಚಿಗೆ ಕುಸಿದಳು. ಸೊಸೆಯ ಹೊಟ್ಟೆಯ ಮೇಲೆ ಕೈಯಿಟ್ಟು, ಅವಳ ಜೊತೆ ತಾನೂ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಡಾಕ್ಟರತ್ತ ತಿರುಗಿದಳು.

“ಆ ಹೊಲಿಗೆ ನಂದು ಕಣಯ್ಯಾ, ಇವಳ ಗಂಡನ್ನ ಹೆತ್ತಾಗ ಹಾಕಿದ್ದು, ಗರ್ಭಕೋಶಾನೇ ಇಲ್ದೆ ಹುಟ್ಟಿದ ಹುಡುಗಿ ಅಂತ ಡಲ್ಲಾಸಲ್ಲಿ ನಂದನ್ನೇ ತೆಗೆಸಿ ಇವಳಿಗೆ ಕೊಟ್ಟೆ, ಹೆಸರಿನ ಚೀಟಿ ಅಂಟಿಸೋದು ಮಾತ್ರ ಮರೆತೆ.”