ಖಂಡನೆಗೆ ಮೊದಲು

‘ಖಂಡಿಸುತ್ತೇವೆ’ ಎಂಬ ಪದವನ್ನು ಮೆಲೆನೈತೆ ಮತ್ತೆ ಹೊಡೆದುಹಾಕಿದಳು. ಈ ಸಲ ಗೀಟಿನ ರಭಸಕ್ಕೆ ಕಾಗದವೇ ಹರಿಯಿತು.

“ಅಕ್ಕಾ, ಇದು ದೇಶದ ಹೇಳಿಕೆ. ನೀವು ನಿಮ್ಮ ಮನೆ ಚೀಟಿ ತಿದ್ದೋ ಹಾಗೆ ತಿದ್ತಿದ್ದೀರಲ್ಲ,” ಎಂದ ಇಸಿಲೆಲಿ.

ಟೋಂಗಾದ ವಿದೇಶಾಂಗ ಸಚಿವನಾದ ಮೇಲೂ ಅವನು ಅವಳನ್ನು ಅಕ್ಕ ಎನ್ನುವುದನ್ನು ಬಿಟ್ಟಿರಲಿಲ್ಲ. ಇಬ್ಬರೂ ಒಂದೇ ದ್ವೀಪದವರು, ಒಂದೇ ಚರ್ಚಿನಲ್ಲಿ ಹಾಡುತ್ತ ಬೆಳೆದವರು. ಅವನ ಇಲಾಖೆಯಲ್ಲೇ ಅಧಿಕಾರಿಯಾಗಿದ್ದ ಅವಳು ಮಾತ್ರ ಕಚೇರಿಯಲ್ಲಿ ಅವನನ್ನು ಸಾರ್ ಎಂದೇ ಕರೆಯುತ್ತಿದ್ದಳು.

ಮರುಭೂಮಿಯ ದೇಶವೊಂದಕ್ಕೆ ಶಾಂತಿಪಾಲನೆಗೆ ಹೋಗಿದ್ದ ಟೋಂಗಾದ ಏಳು ಯೋಧರನ್ನು ಬಂಡುಕೋರರು ಹಿಡಿದಿಟ್ಟುಕೊಂಡು ಆ ಮಂಗಳವಾರಕ್ಕೆ ಎರಡು ವಾರವಾಗಿತ್ತು. ಆ ಏಳು ಜನರಲ್ಲಿ ಒಬ್ಬ ಮೆಲೆನೈತೆಯ ಮಗ ಮನಾಸೆ. ಅವಳನ್ನು ರಜೆಯ ಮೇಲೆ ಮನೆಗೆ ಕಳಿಸುವುದು ನ್ಯಾಯವಾಗಿತ್ತು. ಆದರೆ ಆ ಸೀಮೆಯ ಭಾಷೆ ಇಡೀ ಕಚೇರಿಯಲ್ಲಿ ಅವಳಿಗೊಬ್ಬಳಿಗೇ ಬರುತ್ತಿತ್ತು. ನಡುವೆ ನಿಂತು ಮಾತುಕತೆ ನಡೆಸುತ್ತಿದ್ದ ಅಲ್ಲಿನ ಮುದುಕರೂ ಅವಳೊಂದಿಗೆ ಮಾತ್ರ ಮಾತಾಡುತ್ತಿದ್ದರು.

ಮಿತ್ರರಾಷ್ಟ್ರಗಳು ಖಂಡನೆಯ ಜಂಟಿ ಹೇಳಿಕೆಗೆ ಸಹಿ ಕೇಳಿದ್ದವು, ಜೊತೆಗೆ ಟೋಂಗಾ ತನ್ನದೇ ಹೇಳಿಕೆಯನ್ನೂ ಕೊಡಬೇಕಿತ್ತು. ರಾಜತಾಂತ್ರಿಕರ ಭಾಷೆಯಲ್ಲಿ ಸಂಕಟಕ್ಕೂ ದರ್ಜೆಗಳಿವೆ. ಮೊದಲು ‘ಗಮನಿಸಿದ್ದೇವೆ’, ಆಮೇಲೆ ‘ಕಳವಳ’, ಅದರ ಮೇಲೆ ‘ವಿಷಾದ’, ಎಲ್ಲಕ್ಕಿಂತ ಮೇಲೆ ‘ಖಂಡನೆ’. ಎದೆ ಒಡೆದರೂ ಈ ಮೆಟ್ಟಿಲುಗಳನ್ನೇ ಹತ್ತಬೇಕು, ಬೇರೆ ದಾರಿಯಿಲ್ಲ.

“ಬೆಳಿಗ್ಗೆ ಮುದುಕರು ಫೋನ್ ಮಾಡಿದ್ರು,” ಎಂದಳು ಮೆಲೆನೈತೆ. “ನಮ್ಮ ಸರ್ಕಾರದ ಬಾಯಿಂದ ಖಂಡನೆ ಅನ್ನೋ ಮಾತು ಬಂದ್ರೆ ಇನ್ನು ಅವರ ಕೈಲಿ ಏನೂ ಇಲ್ವಂತೆ. ಶುಕ್ರವಾರದವರೆಗೆ ಸುಮ್ಮನಿದ್ರೆ ಗಡಿ ದಾಟಿಸ್ತಾರಂತೆ.”

“ಹುಡುಗರು ಹೇಗಿದ್ದಾರಂತೆ?”

“ಬಿಡಿಸ್ಕೊಂಡು ಬರ್ತೀವಿ ಅಂದ್ರು, ಸಾರ್.”

ಇಸಿಲೆಲಿ ಕುರ್ಚಿಗೆ ಒರಗಿದ. “ನಾವು ಅಂಗೈಯಷ್ಟು ದೇಶ. ಲೋಕದ ಮುಂದೆ ನಮ್ಮ ಹತ್ರ ಇರೋದು ಒಂದು ಮಾತು, ಒಂದು ವೋಟು. ಅದನ್ನೂ ನುಂಗ್ಕೊಂಡ್ರೆ ಉಳಿದಿದ್ದೇನು?”

“ಶುಕ್ರವಾರದವರೆಗೆ ಬಾಯಲ್ಲೇ ಇಟ್ಕೊಳ್ಳಿ. ನುಂಗಬೇಡಿ.”

“ಒಬ್ಬ ಹುಡುಗನ ಮೈಗೆ ಏನಾದ್ರೂ ಆದ್ರೆ ಮಾತ್ರ ಆ ದೇವರೇ ಬಂದು ಹೇಳಿದ್ರೂ ನಾನು ಕೇಳಲ್ಲ. ಆ ಕ್ಷಣಾನೇ ಖಂಡನೆ. ಗೊತ್ತಿರಲಿ.”

“ಗೊತ್ತು,” ಎಂದಳು ಮೆಲೆನೈತೆ.

ಪಕ್ಕದ ಮೇಜಿನ ಲೋಸಾ ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನೆಲೆಯ ಪೊಟ್ಟಣವನ್ನು ಬಿಚ್ಚಿ ಅವಳ ಮುಂದಿಟ್ಟಳು. ಮೆಲೆನೈತೆ ಮುಟ್ಟಲಿಲ್ಲ. ಲೋಸಾ ಅವಳ ಕಪ್ಪು ಉಡುಪನ್ನೂ ಅದರ ಮೇಲೆ ದ್ವೀಪದ ರೂಢಿಯಂತೆ ಸೊಂಟಕ್ಕೆ ಸುತ್ತಿದ್ದ ಸೂತಕದ ಒರಟು ಚಾಪೆಯನ್ನೂ ನೋಡಿದಳು. ಹೋದ ತಿಂಗಳು ಮೆಲೆನೈತೆಯ ಸೋದರತ್ತೆ ತೀರಿಕೊಂಡಿದ್ದರು.

“ಏನೇ ಇದು? ಎಲ್ಲರಿಗೂ ದಿನ ಕಳೆದ ಹಾಗೆ ಸೂತಕದ ಚಾಪೆ ಚಿಕ್ಕದಾಗುತ್ತೆ. ನಿನ್ನದು ಎದೆವರೆಗೂ ಬಂದಿದೆಯಲ್ಲ! ಮಂತ್ರೀನ ಹೆದರಿಸೋಕಾ?”

“ಚಿಕ್ಕದು ಕೈಗೆ ಸಿಗಲಿಲ್ಲ ಕಣೇ.”

ಅವಳು ಮತ್ತೆ ಕರಡಿನ ಮೇಲೆ ಬಾಗಿದಳು. ‘ನಮ್ಮ ಏಳು ಯೋಧರ’ ಎಂದಿದ್ದಲ್ಲಿ ‘ಏಳು’ ಎಂಬುದನ್ನು ತೆಗೆದಳು.

“ಅದೇನು ಪಾಪ ಮಾಡಿತ್ತು?” ಎಂದ ಇಸಿಲೆಲಿ.

“ನಮ್ಮ ಯೋಧರು ಅಂದ್ರೆ ಸಾಕು, ಸಾರ್. ಎಣಿಸೋಕೆ ಅವರೇನು ಹಂದಿಗಳಾ?”

ಸಚಿವ ಅವಳ ಮುಖವನ್ನು ನೋಡಿದ. ಆ ಮುಖದಲ್ಲಿ ಅವನಿಗೆ ಕಂಡದ್ದು ಮಗನಿಗಾಗಿ ದೇಶದ ಮಾನವನ್ನೂ ಬಿಟ್ಟುಕೊಡಲು ಸಿದ್ಧಳಾದ ಒಬ್ಬ ತಾಯಿ. ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಮರುಕ ಬಂತು.

“ಸರಿ. ಕಳವಳ ಅಂತಾನೇ ಹೋಗಲಿ. ಮನಾಸೆಗೋಸ್ಕರ.”

“ಹಾಗೇ ಅಂದ್ಕೊಳ್ಳಿ,” ಎಂದು ಅವಳು ಕಾಗದ ಎತ್ತಿಕೊಂಡು ಹೊರಟಳು.

ಹೇಳಿಕೆ ಹೊರಬಿದ್ದ ಮೇಲೆ ಜನ ಅವಳನ್ನು ಹುರಿದು ಮುಕ್ಕಿದರು. ದೇಶದ ವಿದೇಶಾಂಗ ನೀತಿ ಈಗ ಒಬ್ಬ ತಾಯಿಯ ಮಡಿಲಲ್ಲಿ ಮಲಗಿದೆ ಎಂದು ರೇಡಿಯೋದಲ್ಲಿ ಒಬ್ಬ ಆಡಿಕೊಂಡ. ಮಿತ್ರರಾಷ್ಟ್ರದ ರಾಯಭಾರಿ ಕೈಕುಲುಕದೆ ಹೋದರು. ಮಾರುಕಟ್ಟೆಯಲ್ಲಿ ಗೆಣಸು ಮಾರುವವಳು ಮುಖದ ಮೇಲೆ ಹೊಡೆದಂತೆ ಕೇಳಿದಳು: “ನಿನ್ನ ಮಗ ಒಬ್ಬನೇನಾ ಮಗ?”

“ಅಲ್ಲ ಕಣಮ್ಮ. ಎಲ್ಲರೂ ಮಕ್ಕಳೇ,” ಎಂದಳು ಮೆಲೆನೈತೆ. ಅದನ್ನು ಯಾರೂ ನಂಬಲಿಲ್ಲ.

ಶುಕ್ರವಾರ ಮಧ್ಯಾಹ್ನ ಗಡಿಯಾಚೆಯ ಶಿಬಿರದಿಂದ ಟೋಂಗಾ ಪಡೆಯ ದಳಪತಿಯ ಕರೆ ಬಂತು. ಸಚಿವನ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಇಸಿಲೆಲಿ ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ.

“ದಾಟಿದ್ರು ಸಾರ್! ನಮ್ಮ ಕೈ ಸೇರಿದ್ರು!”

ಲೋಸಾ ಅಲ್ಲೇ ಮಂಡಿಯೂರಿ ಅಳತೊಡಗಿದಳು. ಅವಳ ತಂಗಿಯ ಮಗನೂ ಅವರಲ್ಲಿದ್ದ. ಯಾರೋ ಸ್ತೋತ್ರ ಎತ್ತಿದರು, ಉಳಿದವರು ದನಿಗೂಡಿಸಿದರು. ದಳಪತಿ ಹೆಸರುಗಳನ್ನು ಓದುತ್ತಾ ಹೋದ. ಒಂದೊಂದು ಹೆಸರಿಗೂ ಕೋಣೆಯಲ್ಲಿ ಕೇಕೆ ಎದ್ದಿತು. ಲೋಸಾಳ ತಂಗಿಯ ಮಗನ ಹೆಸರು ಬಂದಾಗ ಮೆಲೆನೈತೆ ಬಾಗಿ ಅವಳ ತಲೆ ಸವರಿದಳು.

ಆಮೇಲೆ ದಳಪತಿ ಓದುವುದನ್ನು ನಿಲ್ಲಿಸಿದ.

“ಮುಂದೆ ಓದಪ್ಪಾ,” ಎಂದ ಇಸಿಲೆಲಿ. “ಮನಾಸೆ ಹೆಸರು ಹೇಳು. ಅವನ ತಾಯಿ ಇಲ್ಲೇ ನಿಂತಿದ್ದಾರೆ.”

“ಆರೇ ಜನ ಬಂದಿರೋದು, ಸಾರ್.”

ಹಾಡು ನಿಂತಿತು. ಎಲ್ಲರೂ ಅವಳತ್ತ ತಿರುಗಿದರು. ಇಸಿಲೆಲಿ ಕುರ್ಚಿಯಿಂದ ಎದ್ದ. ಮೆಲೆನೈತೆ ಹತ್ತಿರ ಬಂದು, ಆ ಕಚೇರಿಯಲ್ಲಿ ಮೊದಲ ಬಾರಿಗೆ, ಅವನ ತೋಳು ಹಿಡಿದುಕೊಂಡಳು.

“ಇನ್ನು ಖಂಡಿಸು, ತಮ್ಮಾ. ಮನಾಸೆನ ಅವರು ಸೋಮವಾರವೇ ಕೊಂದಾಗಿತ್ತು.”