ಇಪ್ಪತ್ಮೂರು ನಾಯಕರು

ಮಾರ್ಗದರ್ಶಕರು ಬೂಟು ಬಿಚ್ಚಿಟ್ಟು ಮೇಜು ಹತ್ತಿದರು. ಬೀಳುವುದಕ್ಕೆ ಮೊದಲು ಹದಿನೈದು ನಿಮಿಷ ಮಾತಾಡಿದರು. ಎಂಟು ವರ್ಷದ ಹಿಂದೆ ಇದೇ ಯುವ ನಾಯಕತ್ವ ಶಿಬಿರದಲ್ಲಿ, ಇದೇ ಮೇಜಿನಿಂದ ಕಣ್ಣು ಮುಚ್ಚಿಕೊಂಡು ಹಿಂದಕ್ಕೆ ಬಿದ್ದು, ‘ವರ್ಷದ ಶ್ರೇಷ್ಠ ನಾಯಕ’ ಅನ್ನಿಸಿಕೊಂಡವರು ಅವರು. ಕೆಳಗಿದ್ದವರು ಹಿಡಿದೇ ಹಿಡಿಯುತ್ತಾರೆ ಎಂಬ ನಂಬಿಕೆಯೇ ನಾಯಕತ್ವವಂತೆ. ಆಮೇಲೆ ಒಂದು ಕಚೇರಿ ಸೇರಿ, ಮೂಲೆಯ ಕುರ್ಚಿಯಲ್ಲಿ ಕೂತು, ತಮ್ಮ ಕೈಕೆಳಗೆ ಯಾರಾದರೊಬ್ಬರು ನೇಮಕವಾಗಲಿ ಅಂತ ಅವರು ಇವತ್ತಿಗೂ ಕಾಯುತ್ತಿದ್ದಾರೆ. ಆ ಭಾಗ ಮಾತ್ರ ಭಾಷಣದಲ್ಲಿ ಬರಲಿಲ್ಲ.

ಕೆಳಗೆ ಇಪ್ಪತ್ನಾಲ್ಕು ಮಂದಿ ನಿಂತಿದ್ದರು. ನಾಲ್ಕೇ ದಿನದ ತರಬೇತಿಯಲ್ಲಿ ಇಪ್ಪತ್ಮೂರು ಜನ ಪೂರ್ತಿ ನಾಯಕರಾಗಿಬಿಟ್ಟಿದ್ದರು. ಉಳಿದವಳು ಕೊನೆಯ ಸಾಲಿನ ಹುಡುಗಿ. ಶಿಬಿರದ ಸಂಯೋಜಕಿ ಬೆಳಿಗ್ಗೆಯೇ ಮಾರ್ಗದರ್ಶಕರ ಮುಂದೆ ಅವಳ ವಿಷಯಕ್ಕೆ ಮೂಗು ಮುರಿದಿದ್ದರು.

“ಮೊದಲನೇ ದಿನ ಕುರ್ಚಿ ಹೇಗೆ ಜೋಡಿಸಬೇಕು ಅಂತ ಗುಂಪು ಚರ್ಚೆ ಇಟ್ಟಿದ್ವಿ ಸರ್. ಎಲ್ಲರೂ ಎಷ್ಟು ಚೆನ್ನಾಗಿ ವಾದ ಮಾಡ್ತಿದ್ರು ಗೊತ್ತಾ? ಇವಳು ಎದ್ದು ಹೋಗಿ ಕುರ್ಚಿ ಜೋಡಿಸಿಬಿಟ್ಲು!”

“ಆಮೇಲೆ?”

“ಆಮೇಲೇನು, ಚರ್ಚೆ ಮಾಡೋಕೆ ಏನೂ ಉಳೀಲಿಲ್ಲ. ಸೊನ್ನೆ ಕೊಟ್ಟೆ.”

ಹುಡುಗಿಗೆ ನಾಯಕಿಯಾಗುವ ಹುಚ್ಚೇನೂ ಇರಲಿಲ್ಲ. ಈ ಶಿಬಿರದ ಸರ್ಟಿಫಿಕೇಟ್ ತಂದವರಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಗುತ್ತಿತ್ತು. ಅವಳಿಗೆ ಬೇಕಿದ್ದದ್ದು ಅದೊಂದೇ. ಅವಳ ಮೌಲ್ಯಮಾಪನದ ಫಾರ್ಮಿನ ಕೊನೆಯ ಸಾಲಿನಲ್ಲಿ ಮಾರ್ಗದರ್ಶಕರು ‘ಹೌದು’ ಎಂದು ಬರೆದರೆ ಸರ್ಟಿಫಿಕೇಟ್ ಉಂಟು, ‘ಇಲ್ಲ’ ಎಂದರೆ ಇಲ್ಲ. ಅವರು ಮೇಜು ಹತ್ತುವಾಗ ಅವಳು ಮೇಜಿನ ಅಲ್ಲಾಡುತ್ತಿದ್ದ ಕಾಲಿನ ಕೆಳಗೆ ರಟ್ಟು ಮಡಚಿ ತುರುಕುತ್ತಾ ಮೆಲ್ಲಗೆ ಕೇಳಿದ್ದಳು.

“ಸರ್, ನಾನು ಪಾಸಾಗ್ತೀನಾ? ಕಾಲೇಜಿಗೆ ಶನಿವಾರನೇ ಕೊನೇ ದಿನ.”

“ದನಿ ಎತ್ತಬೇಕಮ್ಮಾ. ನಾಯಕತ್ವ ಅಂದ್ರೇನೇ ದನಿ,” ಎಂದು, ಈಗ ಅಲ್ಲಾಡದ ಮೇಜಿನ ಮೇಲೆ ಅವರು ನೆಟ್ಟಗೆ ನಿಂತಿದ್ದರು.

ಭಾಷಣ ಮುಗಿಯಿತು. “ನಂಬಿಕೆ!” ಎಂದು ಕೂಗಿ, ಎದೆಯ ಮೇಲೆ ಕೈಕಟ್ಟಿ, ಮಾರ್ಗದರ್ಶಕರು ಹಿಂದಕ್ಕೆ ವಾಲಿದರು. ಕೆಳಗೆ ಒಮ್ಮೆಲೇ ನಾಯಕತ್ವ ಉಕ್ಕಿ ಹರಿಯಿತು.

“ಎಡಗಡೆ ನಾಲ್ಕು ಜನ ಬನ್ನಿ!” ಎಂದನೊಬ್ಬ. “ಮೊದಲು ಗಟ್ಟಿ ಇರೋರು ಯಾರು ಅಂತ ತೀರ್ಮಾನ ಮಾಡೋಣ,” ಎಂದಳು ಇನ್ನೊಬ್ಬಳು. “ಎಲ್ಲರೂ ನನ್ನ ಮಾತು ಕೇಳಿ, ನಾನು ಮೂರು ಎಣಿಸ್ತೀನಿ, ಮೂರಕ್ಕೆ ಹಿಡೀರಿ. ಒಂದು...” ಎಂದ ಮತ್ತೊಬ್ಬ.

ಮಾರ್ಗದರ್ಶಕರು ಎರಡರವರೆಗೆ ಕಾಯಲಿಲ್ಲ. ಕೊನೆಯ ಸಾಲಿನಿಂದ ಓಡಿಬಂದ ಹುಡುಗಿ ಎರಡೂ ತೋಳು ಚಾಚಿ ಅವರನ್ನು ಹಿಡಿದಳು. ಅಷ್ಟು ಅನುಭವದ ಭಾರವನ್ನು ಒಬ್ಬಳೇ ತಡೆಯುವುದುಂಟೇ? ಇಬ್ಬರೂ ನೆಲಕ್ಕೆ ಕುಸಿದರು. ಅವರ ತಲೆ ಉಳಿಯಿತು. ಅವಳ ಬಲಗೈ ಅವರ ಬೆನ್ನಡಿ ಸಿಕ್ಕಿ ನೋಡನೋಡುತ್ತಿದ್ದಂತೆ ಊದಿಕೊಂಡಿತು. ಜೋರಾಗಿ ಚಪ್ಪಾಳೆ ಬಿತ್ತು. “ನೋಡಿದ್ರಾ ನಮ್ಮ ಟೀಮು!” ಎಂದು ಎಣಿಸುತ್ತಿದ್ದವನು ಬೀಗಿದ.

“ಹಿಡಿ ಅಂತ ನಿನಗೆ ಯಾರು ಹೇಳಿದ್ರು?” ಸಂಯೋಜಕಿ ಹುಡುಗಿಯನ್ನು ಕೇಳಿದರು.

“ಯಾರೂ ಹೇಳ್ಲಿಲ್ಲ ಮೇಡಂ. ಸರ್ ಬೀಳ್ತಾ ಇದ್ರು.”

“ಕೇಳಿಸ್ಕೊಂಡ್ರಾ ಸರ್? ಯಾರನ್ನೂ ಕೇಳಲ್ಲ, ಯಾರಿಗೂ ಹೇಳಲ್ಲ, ತಾನೇ ಮಾಡ್ತಾಳೆ.” ಸಂಯೋಜಕಿ ಫಾರ್ಮನ್ನು ಅವರ ಮುಂದಿಟ್ಟರು. “ಮುಂದಿನ ವರ್ಷಕ್ಕೆ ಮುಖ್ಯ ಮಾರ್ಗದರ್ಶಕರು ಅಂತ ನಿಮ್ಮ ಹೆಸರನ್ನೇ ಹೇಳಿದೀನಿ. ಬೇಗ ಬರೆದುಬಿಡಿ, ಊಟದ ಹೊತ್ತಾಯ್ತು.”

ಕೊನೆಯ ಸಾಲಿನಲ್ಲಿ ಅಚ್ಚಾಗಿತ್ತು: ‘ಅಭ್ಯರ್ಥಿಯು ಇತರರಿಂದ ಕೆಲಸ ಮಾಡಿಸಬಲ್ಲರೇ?’ ಮಾರ್ಗದರ್ಶಕರಿಗೆ ನಾಚಿಕೆಯಾಯಿತು. ಸುಳ್ಳಲ್ಲ, ನಿಜವಾಗಿಯೂ ಆಯಿತು. ಎಂಟು ವರ್ಷದ ಹಿಂದೆ ತಮ್ಮನ್ನು ಹಿಡಿದವರು ಯಾರು? ಎಷ್ಟು ತಲೆ ಕೆರೆದುಕೊಂಡರೂ ಮುಖ ನೆನಪಿಗೆ ಬರಲಿಲ್ಲ. ಆ ವರ್ಷ ಒಬ್ಬನನ್ನು ಸರ್ಟಿಫಿಕೇಟ್ ಕೊಡದೆ ಮನೆಗೆ ಕಳಿಸಿದ್ದು, ಅವನ ಮೊಣಕೈಗೆ ಬಿಳಿ ಪಟ್ಟಿ ಸುತ್ತಿದ್ದು ಮಾತ್ರ ಚೆನ್ನಾಗಿ ನೆನಪಿತ್ತು. ಪೆನ್ನು ಜಾರಿ ಮೇಜಿನಡಿಗೆ ಉರುಳಿತು.

“ಯಾರಾದ್ರೂ ಸರ್‌ಗೆ ಪೆನ್ನು ಎತ್ತಿಕೊಡ್ರಪ್ಪಾ!” ಎಂದು ಇಪ್ಪತ್ಮೂರು ಗಂಟಲು ಒಟ್ಟಿಗೆ ಕೂಗಿದವು.

ಊದಿದ ಕೈಯನ್ನು ಎದೆಗೊತ್ತಿಕೊಂಡು ಹುಡುಗಿ ಬಗ್ಗಿದಳು. ಎಡಗೈಯಲ್ಲಿ ಪೆನ್ನೆತ್ತಿ, ಧೂಳನ್ನು ಲಂಗಕ್ಕೆ ಒರೆಸಿ ಅವರ ಬೆರಳಿಗಿಟ್ಟಳು. “ತಗೊಳ್ಳಿ ಸರ್.”

“ಥ್ಯಾಂಕ್ಸಮ್ಮಾ,” ಎಂದು ಮಾರ್ಗದರ್ಶಕರು, ಅದೇ ಪೆನ್ನಿನಿಂದ, ‘ಇಲ್ಲ’ ಎಂದು ಬರೆದರು.